ಪಲ್ಲಕ್ಕಿಯ ಗೊಂಡೆ: ಕಾಶೀಬಾಯಿ ಕಾನಿಟಕರರ ಕಲ್ಪಿತ ರಾಜ್ಯವೂ ಹೆಸರಿನ ಪ್ರಶ್ನೆಯೂ

1

ಸಾಹಿತ್ಯಚರಿತ್ರೆಯನ್ನು ಬರೆಯಹೊರಟವನಿಗೆ ಮೊದಲು ಬೇಕಾಗುವ ಸಾಧನ ಹೆಸರು. ಗ್ರಂಥದ ಮುಖಪುಟದ ಮೇಲಿರುವ ಹೆಸರನ್ನು ನಂಬಿಯೇ ಆತನು ಕರ್ತೃವಿನ ಕಾಲ, ದೇಶ, ಪರಂಪರೆಗಳನ್ನು ನಿರ್ಣಯಿಸತೊಡಗುತ್ತಾನೆ. ಆ ಹೆಸರೇ ಕಲ್ಪಿತವಾಗಿದ್ದರೆ ಅದರ ಮೇಲೆ ಎಬ್ಬಿಸಿದ ಕಟ್ಟಡವೆಲ್ಲ ಸಡಿಲಾಗುತ್ತದೆ. ಇನ್ನೂ ಬಾರದ ಕಾಲವನ್ನೋ, ಎಲ್ಲಿಯೂ ಇಲ್ಲದ ರಾಜ್ಯವನ್ನೋ ಊಹಿಸಿ, ಅಲ್ಲಿಯ ಬಾಳುವೆ ಹೇಗಿದ್ದೀತೆಂದು ವರ್ಣಿಸುವ ಕಥೆ ಕಾದಂಬರಿಗಳ ಇತಿಹಾಸದಲ್ಲಿ ಈ ತೊಡಕು ಮೇಲಿಂದ ಮೇಲೆ ಎದುರಾಗುತ್ತದೆ. ಈ ಜಾತಿಯ ಬರವಣಿಗೆಯನ್ನು ಸೌಕರ್ಯಕ್ಕಾಗಿ 'ಊಹಾಕಥನ'ವೆಂದು ಇಲ್ಲಿ ಕರೆಯೋಣ.

ಅಮೆರಿಕೆಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ಊಹಾಕಥನವನ್ನು ಕೈಕೊಂಡ ಸ್ತ್ರೀಯರಲ್ಲಿ ಕೆಲವರು ಪುರುಷನಾಮದ ಮರೆಯಲ್ಲಿ ನಿಂತು ಬರೆದರು. ನಮ್ಮ ಪುಣೆಯಲ್ಲಿ ಅಂಥದೇ ಒಂದು ರಾಜ್ಯವನ್ನು ಮರಾಠಿಯಲ್ಲಿ ಕಲ್ಪಿಸಿದ ಕಾಶೀಬಾಯಿ ಕಾನಿಟಕರರು (1861–1948) ಮಾತ್ರ ತಮ್ಮ ಸ್ವಂತ ಹೆಸರನ್ನೇ ಇಟ್ಟುಕೊಂಡರು. ಹೆಸರನ್ನು ಮರೆಸಿದವರು ಪಡೆದದ್ದೇನು, ಕಳೆದುಕೊಂಡದ್ದೇನು? ಮರೆಸದೆ ಬರೆದ ಕಾಶೀಬಾಯಿಯವರು ತೆತ್ತ ಬೆಲೆ ಯಾವುದು? ಈ ಲೇಖನದಲ್ಲಿ ವಿಚಾರಿಸಬೇಕೆಂದಿರುವುದು ಇಷ್ಟೇ. ಪ್ರಶ್ನೆಯು ಮರಾಠಿಯದಾಗಿ ತೋರಿದರೂ ಅದರ ಉತ್ತರವು ಕನ್ನಡ ಸಾಹಿತ್ಯದ ಇತಿಹಾಸಕಾರರಿಗೂ ಉಪಯೋಗಕ್ಕೆ ಬರತಕ್ಕದ್ದಾಗಿದೆ.

2

ಮೊದಲು ಹೆಸರನ್ನು ಮರೆಸಿದವರನ್ನು ನೋಡೋಣ. 1904ರ ಮಾರ್ಚ್ ತಿಂಗಳಲ್ಲಿ ಅಮೆರಿಕೆಯ 'ಆರ್ಗಸಿ' ಪತ್ರಿಕೆಯಲ್ಲಿ ಜಿ. ಎಂ. ಬ್ಯಾರೋಸ್ ಎಂಬ ಹೆಸರಿನಲ್ಲಿ ಒಂದು ಅದ್ಭುತಕಥೆ ಪ್ರಸಿದ್ಧವಾಯಿತು. ಅದನ್ನು ಬರೆದವಳು ಗರ್ಟ್ರೂಡ್ ಬ್ಯಾರೋಸ್ ಎಂಬ ತರುಣಿ. ಕಚೇರಿಯಲ್ಲಿ ಶೀಘ್ರಲಿಪಿಯ ಕೆಲಸ ಮಾಡುತ್ತಿದ್ದ ಆಕೆ ಮುಂದೆ ಬೆನೆಟ್ ಎಂಬವನನ್ನು ಮದುವೆಯಾಗಿ, ಬೇಗನೆ ವಿಧವೆಯಾಗಿ, ಕೂಸನ್ನೂ ರೋಗಿಯಾದ ತಾಯಿಯನ್ನೂ ಸಾಕುವ ಹೊಣೆಯನ್ನು ಹೊತ್ತಳು. 1917ರಿಂದ ಆಕೆಯ ಕಥೆಗಳು ಫ್ರಾನ್ಸಿಸ್ ಸ್ಟೀವನ್ಸ್ ಎಂಬ ಪುರುಷನಾಮದಿಂದ ಹೊರಬರತೊಡಗಿದವು. ಈ ಹೆಸರನ್ನು ಆಕೆ ಆರಿಸಿಕೊಂಡದ್ದಲ್ಲ. ಆಕೆ ಸೂಚಿಸಿದ್ದು ಬೇರೊಂದು ಗುಪ್ತನಾಮ. ಸಂಪಾದಕರು ಅದನ್ನು ಬದಿಗಿರಿಸಿ ಇದನ್ನು ಅಚ್ಚು ಹಾಕಿದರು. ವಾಚಕರು ಮೆಚ್ಚಿಕೊಂಡದ್ದರಿಂದ ಅದೇ ನಿಂತುಹೋಯಿತು. 1919ರಲ್ಲಿ ಪ್ರಸಿದ್ಧವಾದ 'ದಿ ಹೆಡ್ಸ್ ಆಫ್ ಸೆರ್ಬರಸ್' ಎಂಬ ಕಾದಂಬರಿಯಲ್ಲಿ ಕಥಾಪಾತ್ರಗಳು 2118ನೆಯ ಇಸವಿಯ ಫಿಲಡೆಲ್ಫಿಯಾ ನಗರವನ್ನು ಕಾಣುತ್ತವೆ. ಅಲ್ಲಿ ಸಾಮಾನ್ಯ ಪ್ರಜೆಗಳಿಗೆ ಹೆಸರಿಲ್ಲ, ಬರಿಯ ಅಂಕಿಗಳಿವೆ. ತನ್ನ ಹೆಸರನ್ನು ಬಿಟ್ಟುಕೊಟ್ಟ ಲೇಖಕಿಯು ಹೆಸರಿಲ್ಲದ ಪ್ರಜೆಗಳ ನಗರವನ್ನು ಊಹಿಸಿದಳೆಂಬುದು ಗಮನಾರ್ಹವಾಗಿದೆ. ಫ್ರಾನ್ಸಿಸ್ ಸ್ಟೀವನ್ಸ್ ಎಂಬುದು ಆ ಕಾಲದ ಪ್ರಖ್ಯಾತ ಲೇಖಕ ಎ. ಮೆರಿಟ್ ಅವರ ಇನ್ನೊಂದು ಹೆಸರೆಂದು ಅನೇಕರು ಬಹುಕಾಲ ನಂಬಿದ್ದರು. ನಿಜವು ವಾಚಕರಿಗೆ ತಿಳಿದದ್ದು 1952ರಲ್ಲಿ, ಈ ಕಾದಂಬರಿಯು ಪುಸ್ತಕರೂಪದಲ್ಲಿ ಬಂದಾಗ. ಲೇಖಕಿಯು ಅದಕ್ಕೆ ನಾಲ್ಕು ವರ್ಷ ಮೊದಲೇ, 1948ರಲ್ಲಿ, ತೀರಿಕೊಂಡಿದ್ದಳು. ಕಾಶೀಬಾಯಿಯವರು ತೀರಿಕೊಂಡದ್ದೂ ಅದೇ ವರ್ಷದಲ್ಲಿ.

ಇಂಗ್ಲೆಂಡಿನ ಕ್ಯಾಥರಿನ್ ಬರ್ಡೆಕಿನ್ (1896–1963) ಅವರದು ಇನ್ನೊಂದು ರೀತಿ. ಮೊದಮೊದಲು ಸ್ವಂತ ಹೆಸರಿನಲ್ಲಿ ಬರೆದ ಆಕೆ 1934ರಿಂದ ಮರ್ರೆ ಕಾನ್‌ಸ್ಟಂಟೈನ್ ಎಂಬ ಹೆಸರನ್ನು ತಳೆದರು. 1937ರಲ್ಲಿ ಪ್ರಸಿದ್ಧವಾದ 'ಸ್ವಸ್ತಿಕಾ ನೈಟ್' ಎಂಬ ಕಾದಂಬರಿಯಲ್ಲಿ ಹಿಟ್ಲರನ ಸಾಮ್ರಾಜ್ಯವು ಏಳುನೂರು ವರ್ಷ ನಿಂತ ಮೇಲೆ ಯುರೋಪ ಖಂಡವು ಯಾವ ಸ್ಥಿತಿಗೆ ಇಳಿದಿರುತ್ತದೆಂಬುದರ ವರ್ಣನೆ ಇದೆ. ಆ ಲೋಕದಲ್ಲಿ ಸ್ತ್ರೀಯರನ್ನು ದನಗಳಂತೆ ದೊಡ್ಡಿಯಲ್ಲಿ ಕೂಡಿಹಾಕಿದ್ದಾರೆ. ಎರಡನೆಯ ಮಹಾಯುದ್ಧಕ್ಕಿಂತ ಎರಡು ವರ್ಷ ಮೊದಲೇ ಇದನ್ನು ಬರೆದವರಿಗೆ ತಮ್ಮ ಮನೆಯವರ ಸುರಕ್ಷಿತತೆಯ ಚಿಂತೆ ಇದ್ದುದು ಸಹಜ. ಮರ್ರೆ ಕಾನ್‌ಸ್ಟಂಟೈನ್ ಎಂದರೆ ಬರ್ಡೆಕಿನ್ ಎಂಬುದನ್ನು ಡಾಫ್ನೆ ಪಟಾಯಿ ಎಂಬ ವಿದುಷಿ ಜಗತ್ತಿಗೆ ತಿಳಿಸಿದ್ದು 1980ರ ದಶಕದಲ್ಲಿ.

ಮೂರನೆಯ ನಿದರ್ಶನ ಅಮೆರಿಕೆಯ ಆಲಿಸ್ ಶೆಲ್ಡನ್ ಅವರದು. 1968ರಿಂದ ಜೇಮ್ಸ್ ಟಿಪ್‌ಟ್ರೀ ಎಂಬ ಹೆಸರಿನಲ್ಲಿ ಆಕೆ ಬರೆದ ಕಥೆಗಳು ಶ್ರೇಷ್ಠವೆಂದು ಗಣ್ಯವಾದವು. ಆ ಹೆಸರನ್ನು ಆಕೆ ಎತ್ತಿಕೊಂಡದ್ದು ಒಂದು ಮಾರ್ಮಲೇಡ್ ಸೀಸೆಯ ಮೇಲಿನ ಚೀಟಿಯಿಂದ. 1975ರಲ್ಲಿ ರಾಬರ್ಟ್ ಸಿಲ್ವರ್‌ಬರ್ಗ್ ಎಂಬ ಲೇಖಕರು ಆಕೆಯ ಕಥಾಸಂಗ್ರಹಕ್ಕೆ ಮುನ್ನುಡಿ ಬರೆಯುತ್ತ, ಈ ಬರವಣಿಗೆಯಲ್ಲಿ ಪೌರುಷವು ಎದ್ದು ಕಾಣುವುದರಿಂದ ಇದು ಸ್ತ್ರೀಯದಾಗಿರುವುದು ಅಸಂಭವವೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದರು. ಎರಡೇ ವರ್ಷಗಳಲ್ಲಿ ನಿಜವು ಬಯಲಾಯಿತು. ಶೈಲಿಯಿಂದಲೇ ಕರ್ತೃವು ಸ್ತ್ರೀಯೋ ಪುರುಷನೋ ಎಂದು ನಿರ್ಣಯಿಸುವ ವಿಮರ್ಶಾಪದ್ಧತಿಗೆ ಇದಕ್ಕಿಂತ ದೊಡ್ಡ ಪಾಠವು ಬೇರೆ ಬೇಕಿಲ್ಲ.

ಈ ಮೂವರಲ್ಲಿಯೂ ಒಂದು ಸಮಾನಧರ್ಮವಿದೆ. ಗ್ರಂಥವು ತನ್ನ ಕಾಲಕ್ಕೆ ತಕ್ಕಂತೆ ಬೆಳಕು ಕಂಡಿತು, ತನ್ನ ವಾಚಕರನ್ನು ಪಡೆಯಿತು. ಕರ್ತ್ರಿ ಮಾತ್ರ ಕೆಲಕಾಲ ಇಲ್ಲದಂತಾದಳು. ಹೆಸರು ಹೋಯಿತು, ಬರವಣಿಗೆ ಉಳಿಯಿತು.

3

ಈಗ ಪುಣೆಗೆ ಬರೋಣ. 1882ನೆಯ ಇಸವಿಯು ಈ ನಗರದ ಸ್ತ್ರೀಯರ ಇತಿಹಾಸದಲ್ಲಿ ಎರಡು ಕಾರಣಗಳಿಂದ ಸ್ಮರಣೀಯವಾಗಿದೆ. ವಿದರ್ಭ ಪ್ರಾಂತದ ಬುಲಢಾಣೆಯ ತಾರಾಬಾಯಿ ಶಿಂದೆಯವರ 'ಸ್ತ್ರೀಪುರುಷ ತುಲನಾ' ಎಂಬ ಖಂಡನಗ್ರಂಥವು ಆ ವರ್ಷ ಪುಣೆಯ ಶ್ರೀ ಶಿವಾಜಿ ಮುದ್ರಣಾಲಯದಲ್ಲಿ ಅಚ್ಚಾಯಿತು. ಸ್ತ್ರೀಯರ ಮೇಲೆ ಹೊರಿಸುವ ದೋಷಗಳೆಲ್ಲವೂ ಪುರುಷರಲ್ಲಿಯೂ ಇಲ್ಲವೇ ಎಂದು ಕೇಳುವ ಆ ಪುಸ್ತಕದ ಮೇಲೆ ತಾರಾಬಾಯಿಯವರು ತಮ್ಮ ಹೆಸರನ್ನೇ ಹಾಕಿದ್ದರು. ಪರಿಣಾಮವಾಗಿ ಬಂದ ನಿಂದೆಯನ್ನು ಖಂಡಿಸಿ ಮಹಾತ್ಮಾ ಜೋತೀರಾವ ಫುಲೆಯವರು ಬರೆದರಾದರೂ ಆಕೆಯ ಎರಡನೆಯ ಪುಸ್ತಕವು ಹೊರಬರಲಿಲ್ಲ.

ಅದೇ ವರ್ಷ ಪಂಡಿತಾ ರಮಾಬಾಯಿಯವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಈ ವಿದುಷಿ ಹುಟ್ಟಿದ್ದು (1858) ಕನ್ನಡನಾಡಿನ ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗರೆಯವರು ಕಾರ್ಕಳದ ಹತ್ತಿರದ ಮಾಳ ಗ್ರಾಮದವರು. ಪತ್ನಿಗೆ ಸಂಸ್ಕೃತವನ್ನು ಕಲಿಸಿದ ಕಾರಣಕ್ಕೆ ವೈದಿಕರ ವಿರೋಧಕ್ಕೆ ಗುರಿಯಾಗಿ ಅವರು ಕಾಡು ಸೇರಿದ ಕಥೆಯು ಸುಪ್ರಸಿದ್ಧವಾಗಿದೆ. ಪುಣೆಯ ಸ್ತ್ರೀಶಿಕ್ಷಣದ ಇತಿಹಾಸದಲ್ಲಿ ಕನ್ನಡ ಮಣ್ಣಿನ ಪಾಲು ಇದೆಯೆಂಬುದನ್ನು ನಾವು ಮರೆಯತಕ್ಕದ್ದಲ್ಲ. ಎರಡು ವರ್ಷಗಳ ತರುವಾಯ, 1884ರಲ್ಲಿ, ರಾನಡೆ, ಭಾಂಡಾರಕರ ಮೊದಲಾದವರ ಪ್ರಯತ್ನದಿಂದ ಹುಜೂರಪಾಗೆಯಲ್ಲಿ ಹುಡುಗಿಯರ ಹೈಸ್ಕೂಲು ಆರಂಭವಾಯಿತು. ಅದರ ಪಾಠಕ್ರಮದ ಮೇಲೆ ಲೋಕಮಾನ್ಯ ತಿಲಕರ ಪತ್ರಿಕೆಯು ನಡೆಸಿದ ಟೀಕೆಯೂ ಅಷ್ಟೇ ಪ್ರಸಿದ್ಧವಾಗಿದೆ. ಸ್ತ್ರೀಯು ಓದಬೇಕೇ ಬೇಡವೇ ಎಂಬುದೇ ಇನ್ನೂ ಇತ್ಯರ್ಥವಾಗದಿದ್ದ ಕಾಲ ಅದು. ಸ್ತ್ರೀಯು ರಾಜ್ಯವಾಳುವುದನ್ನು ಕಲ್ಪಿಸಿ ಬರೆದ ಲೇಖಕಿಯು ಬೆಳೆದದ್ದು ಇಂಥ ಕಾಲದಲ್ಲಿ.

ಕಾಶೀಬಾಯಿಯವರು ಹುಟ್ಟಿದ್ದು ಇಂದಿನ ಸಾಂಗಲಿ ಜಿಲ್ಲೆಗೆ ಸೇರಿದ ಆಷ್ಟೆ ಎಂಬ ಊರಿನಲ್ಲಿ. ಒಂಬತ್ತನೆಯ ವಯಸ್ಸಿನಲ್ಲಿ ಗೋವಿಂದ ವಾಸುದೇವ ಕಾನಿಟಕರರೊಡನೆ (1854–1918) ಮದುವೆಯಾದಾಗ ಅವರಿಗೆ ಅಕ್ಷರಜ್ಞಾನ ಇದ್ದಿಲ್ಲವೆಂದೇ ಹೇಳಬೇಕು. ಗೋವಿಂದರಾಯರು ಕಾಯಿದೆಯನ್ನು ಓದಿ ನ್ಯಾಯಖಾತೆಯಲ್ಲಿ ಕೆಲಸ ಮಾಡಿದವರು, ಕವಿಗಳು, ಸುಧಾರಕರ ಬಳಗಕ್ಕೆ ಸೇರಿದವರು. ಸ್ತ್ರೀಯರ ಪರಾಧೀನತೆಯನ್ನು ಕುರಿತು ಜಾನ್ ಸ್ಟೂಅರ್ಟ್ ಮಿಲ್ಲನು ಬರೆದ ಪ್ರಬಂಧವನ್ನು ಅವರು ಮರಾಠಿಗೆ ಅನುವಾದಿಸಿದರು. ಹೆಂಡತಿ ಓದು ಕಲಿಯಬೇಕೆಂಬುದು ಅವರ ಇಚ್ಛೆ; ಸೊಸೆಯು ಪುಸ್ತಕ ಹಿಡಿಯಬಾರದೆಂಬುದು ಕೂಡುಕುಟುಂಬದ ಕಟ್ಟಳೆ. ಈ ಎರಡರ ನಡುವೆ ಅಣಕದ ಮಾತುಗಳನ್ನು ಸಹಿಸಿಕೊಂಡು ಕಾಶೀಬಾಯಿಯವರು ಮರಾಠಿಯನ್ನು ಕಲಿತರು, ಮುಂದೆ ಇಂಗ್ಲಿಷನ್ನೂ ಅಭ್ಯಾಸ ಮಾಡಿದರು. ಈ ವೃತ್ತಾಂತವು ಸರೋಜಿನೀ ವೈದ್ಯರು ಸಂಪಾದಿಸಿದ ಅವರ ಆತ್ಮಚರಿತ್ರೆಯಿಂದ ತಿಳಿದುಬರುತ್ತದೆ.

ಮರಾಠಿಯ ಪ್ರಮುಖ ಲೇಖಕಿಯರಲ್ಲಿ ಮೊದಲನೆಯವರೆಂಬ ಮಾನ ಅವರಿಗೆ ಸಂದಿದೆ. ಅಮೆರಿಕೆಗೆ ಹೋಗಿ ವೈದ್ಯಕೀಯ ಪದವಿ ಪಡೆದು, 1887ರಲ್ಲಿ ಇಪ್ಪತ್ತೆರಡನೆಯ ವರ್ಷ ತುಂಬುವ ಮೊದಲೇ ಪುಣೆಯಲ್ಲಿ ತೀರಿಕೊಂಡ ಡಾಕ್ಟರ್ ಆನಂದೀಬಾಯಿ ಜೋಶಿಯವರ ಜೀವನಚರಿತ್ರೆಯನ್ನು ಅವರು ಬರೆದರು. 'ರಂಗರಾವ' ಎಂಬ ಅವರ ಮೊದಲ ಕಾದಂಬರಿಯು ಪತ್ರಿಕೆಯಲ್ಲಿ ಕಂತುಕಂತಾಗಿ ಬಂದು, 1903ರಲ್ಲಿ ಪುಸ್ತಕವಾಯಿತು. 1921ರಲ್ಲಿ 'ಚಾಂದಣ್ಯಾತೀಲ ಗಪ್ಪಾ', ಎಂದರೆ ಬೆಳದಿಂಗಳ ಹರಟೆ, ಎಂಬ ಕಥಾಸಂಗ್ರಹವು ಹೊರಬಂತು. 'ಪಾಲಖೀಚಾ ಗೋಂಡಾ' ಎಂಬ ಎರಡನೆಯ ಕಾದಂಬರಿಯು ಪುಸ್ತಕರೂಪದಲ್ಲಿ ಬಂದದ್ದು 1928ರಲ್ಲಿ. ಆಗ ಲೇಖಕಿಯ ವಯಸ್ಸು ಅರವತ್ತೇಳು.

4

ಕಾಶೀಬಾಯಿಯವರ ಹೆಸರಿನ ಪ್ರಶ್ನೆಯನ್ನು ತಿಳಿಯಬೇಕಾದರೆ ಅವರ ನೆರೆಯಲ್ಲಿಯೇ ನಡೆದ ಒಂದು ವಿಪರೀತ ಪ್ರಯೋಗವನ್ನು ಗಮನಿಸಬೇಕು. ಕಾನಿಟಕರ ದಂಪತಿಗಳ ಆಪ್ತಮಿತ್ರರಾದ ಹರಿ ನಾರಾಯಣ ಆಪಟೆಯವರು (1864–1919) ಮರಾಠಿ ಕಾದಂಬರಿಯ ಪಿತಾಮಹರೆನಿಸಿಕೊಂಡವರು. ಅವರ ಐತಿಹಾಸಿಕ ಕಾದಂಬರಿಗಳನ್ನು ಗಳಗನಾಥರು ಕನ್ನಡಕ್ಕೆ ತಂದುಕೊಟ್ಟದ್ದರಿಂದ ನಮ್ಮ ಹಿಂದಿನ ತಲೆಮಾರಿನ ವಾಚಕರಿಗೆ ಅವರ ಹೆಸರು ಮನೆಮಾತಾಗಿತ್ತು. 1890ರಲ್ಲಿ ಆರಂಭವಾದ 'ಕರಮಣೂಕ' ಪತ್ರಿಕೆಯಲ್ಲಿ ಬಂದು 1893ರಲ್ಲಿ ಪುಸ್ತಕವಾದ 'ಪಣ ಲಕ್ಷಾತ ಕೋಣ ಘೇತೋ' ಎಂಬ ಅವರ ಸಾಮಾಜಿಕ ಕಾದಂಬರಿಯು ಯಮುನೆ ಎಂಬ ತರುಣ ವಿಧವೆಯ ಆತ್ಮಕಥೆಯ ರೂಪದಲ್ಲಿದೆ. 'ನಾನು' ಎಂದು ಹೇಳುವವಳು ಹೆಂಗಸು, ಬರೆದವರು ಗಂಡಸು. ಅಡಿಗೆಮನೆ, ಹಿತ್ತಿಲು, ನಡುಮನೆಗಳಲ್ಲಿ ಹೆಂಗಸರು ತಮ್ಮತಮ್ಮೊಳಗೆ ಆಡುವ ಮಾತು ಆ ಕಾದಂಬರಿಯಲ್ಲಿ ಅಷ್ಟು ಸಹಜವಾಗಿ ಮೂಡಿರುವುದಕ್ಕೆ ಕಾಶೀಬಾಯಿಯಂಥ ವಿಚಾರವಂತ ಸ್ತ್ರೀಯರ ಸ್ನೇಹವೂ ಒಂದು ಕಾರಣವೆಂದು ಊಹಿಸಬಹುದಾಗಿದೆ.

ಗಂಡಸು ಹೆಂಗಸಿನ ಧ್ವನಿಯನ್ನು ತಳೆದರೆ ಅದು ಕಲೆಯ ಕೌಶಲವೆನಿಸಿತು. ಮುಖಪುಟದ ಮೇಲೆ ಅವನ ಹೆಸರಿಗೆ ಕೀರ್ತಿಯೂ ಬಂತು. ಹೆಂಗಸು ಗಂಡಸಿನ ಹೆಸರನ್ನು ತಳೆದಾಗ ಅವಳ ಕೀರ್ತಿಯು ಆ ಇಲ್ಲದ ಗಂಡಸಿಗೆ ಸಂದಿತು. ಎರಡೂ ವೇಷಗಳೇ, ಆದರೆ ವೇಷ ಕಳಚಿದ ಮೇಲೆ ಉಳಿಯುವ ಲಾಭ ನಷ್ಟಗಳು ಒಂದೇ ಅಲ್ಲ.

ಈ ಮಾತಿಗೆ ನಮ್ಮ ಕಾಲದ ಇನ್ನೊಂದು ಪುಣೆಯ ನಿದರ್ಶನವೂ ಇದೆ. ಖಗೋಲವಿಜ್ಞಾನಿ ಜಯಂತ ನಾರಳೀಕರರು (1938–2025) ತಮ್ಮ ಜೀವಿತದ ಉತ್ತರಾರ್ಧವನ್ನು ಈ ನಗರದಲ್ಲಿಯೇ ಕಳೆದವರು. ಮುಂಬಯಿಯಲ್ಲಿದ್ದಾಗ, 1974ರಲ್ಲಿ, ಮರಾಠೀ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಅವರು ನಾರಾಯಣ ವಿನಾಯಕ ಜಗತಾಪ ಎಂಬ ಗುಪ್ತನಾಮದಿಂದ 'ಕೃಷ್ಣವಿವರ' ಎಂಬ ವಿಜ್ಞಾನಕಥೆಯನ್ನು ಕಳುಹಿದರು. ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುಗಿಸಿ ಕಟ್ಟಿದ ಹೆಸರದು. ಕೈಬರಹದಿಂದ ಗುರುತು ಹತ್ತಬಾರದೆಂದು ಕಥೆಯನ್ನು ಪತ್ನಿ, ಗಣಿತಜ್ಞೆ ಮಂಗಲಾ ನಾರಳೀಕರರ ಕೈಯಿಂದ ನಕಲು ಮಾಡಿಸಿದ್ದರು. ಕಥೆಗೆ ಮೊದಲ ಬಹುಮಾನ ಬಂತು. ತಮ್ಮ ಕೀರ್ತಿಯು ಪರೀಕ್ಷಕರ ಮೇಲೆ ಪ್ರಭಾವ ಬೀರಬಾರದೆಂಬುದು ಅವರ ಉದ್ದೇಶ. ಆ ಉದ್ದೇಶವು ಶ್ಲಾಘ್ಯವಾದದ್ದೇ. ಆದರೆ ಒಂದು ಮಾತನ್ನು ಲಕ್ಷ್ಯದಲ್ಲಿಡಬೇಕು: ಹೆಸರು ಅತಿಯಾಗಿ ಭಾರವಾದ್ದರಿಂದ ಅದನ್ನು ಕೆಳಗಿಳಿಸಿದವರು ಅವರು. ಗರ್ಟ್ರೂಡ್ ಬೆನೆಟ್ಟಳು ಹೆಸರನ್ನು ಮರೆಸಿದ ಕಾಲಕ್ಕೆ ಅದಕ್ಕೆ ಪೇಟೆಯಲ್ಲಿ ತೂಕವೇ ಇದ್ದಿಲ್ಲ.

5

'ಪಾಲಖೀಚಾ ಗೋಂಡಾ' ಎಂಬ ಹೆಸರನ್ನು ಕನ್ನಡಕ್ಕೆ ತರುವುದು ಸುಲಭ. ಮರಾಠಿಯ 'ಗೋಂಡಾ' ನಮ್ಮ 'ಗೊಂಡೆ'ಯೇ. ಪಲ್ಲಕ್ಕಿಗೆ ಇಳಿಬಿಟ್ಟ ರೇಷ್ಮೆಯ ಕುಚ್ಚು. ಅದು ವೈಭವದ ಗುರುತು, ಹೊರುವವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಸಾಮಾನ್ಯ ಮನೆತನದ ಹುಡುಗಿಯೊಬ್ಬಳನ್ನು ಒಂದು ಸಂಸ್ಥಾನದ ಅರಸನಿಗೆ ಮದುವೆ ಮಾಡಿಕೊಡುತ್ತಾರೆ, ಅರಸನೋ ಬುದ್ಧಿಮಾಂದ್ಯವುಳ್ಳವನು. ಲೋಕದ ಕಣ್ಣಿಗೆ ಆಕೆಯ ಭಾಗ್ಯ ತೆರೆಯಿತು, ಪಲ್ಲಕ್ಕಿ ದೊರೆಯಿತು. ಇಲ್ಲಿಯವರೆಗೆ ಕಥೆಯು ಆ ಕಾಲದ ಅನೇಕ ಶೋಕಕಥೆಗಳಂತೆ ಮುಂದುವರಿಯಬಹುದಾಗಿತ್ತು. ಕಾಶೀಬಾಯಿಯವರು ಅದನ್ನು ಬೇರೆ ದಾರಿಗೆ ತಿರುಗಿಸಿದರು. ಆ ರಾಣಿಯು ಅಳುತ್ತ ಕೂಡದೆ ರಾಜ್ಯಭಾರವನ್ನು ತಾನೇ ವಹಿಸಿಕೊಳ್ಳುತ್ತಾಳೆ. ಸಂಸ್ಥಾನದಲ್ಲಿ ಸ್ತ್ರೀಶಿಕ್ಷಣವು ಹರಡುತ್ತದೆ, ಸ್ತ್ರೀಯರು ಕಾರಭಾರದಲ್ಲಿ ಪಾಲುಗಾರರಾಗುತ್ತಾರೆ, ಸ್ತ್ರೀಪುರುಷರ ಹಕ್ಕುಗಳು ಸಮಾನವಾಗುತ್ತವೆ. ಗೊಂಡೆಯಂತೆ ತೂಗಬೇಕಾಗಿದ್ದವಳು ಪಲ್ಲಕ್ಕಿಯನ್ನು ಎತ್ತ ಒಯ್ಯಬೇಕೆಂಬುದನ್ನು ತಾನೇ ನಿರ್ಧರಿಸುವವಳಾಗುತ್ತಾಳೆ. ಇದೇ ಈ ಗ್ರಂಥದ ಊಹೆ.

ಊಹಾಕಥನಕ್ಕೆ ಒಂದು ಬಾಗಿಲು ಬೇಕು. ನಿತ್ಯದ ಲೋಕದಿಂದ ಕಲ್ಪಿತಲೋಕಕ್ಕೆ ವಾಚಕನನ್ನು ಯಾವುದೋ ಒಂದು ಬಾಗಿಲಿನಿಂದ ದಾಟಿಸಬೇಕಾಗುತ್ತದೆ. ಬೆನೆಟ್ ಮತ್ತು ಬರ್ಡೆಕಿನ್ ಅವರು ಆರಿಸಿಕೊಂಡದ್ದು ಭವಿಷ್ಯತ್ಕಾಲದ ಬಾಗಿಲು. ಬಂಗಾಲದ ರುಕೈಯಾ ಸಖಾವತ್ ಹುಸೇನ್ ಅವರು ಆರಿಸಿಕೊಂಡದ್ದು ಕನಸಿನ ಬಾಗಿಲು. ಮದ್ರಾಸಿನಿಂದ ಹೊರಡುತ್ತಿದ್ದ 'ಇಂಡಿಯನ್ ಲೇಡೀಸ್ ಮ್ಯಾಗಝೀನ್' ಎಂಬ ಪತ್ರಿಕೆಯಲ್ಲಿ 1905ರಲ್ಲಿ ಬಂದ ಅವರ 'ಸುಲ್ತಾನಾಸ್ ಡ್ರೀಮ್' ಎಂಬ ಇಂಗ್ಲಿಷ್ ಕಥೆಯಲ್ಲಿ ಗಂಡಸರು ಪರದೆಯೊಳಗಿದ್ದಾರೆ, ಹೆಂಗಸರು ಸೂರ್ಯನ ಶಾಖವನ್ನು ಹಿಡಿದಿಟ್ಟು ಅಡಿಗೆ ಮಾಡುತ್ತಾರೆ, ಅದೇ ಶಾಖದಿಂದ ಶತ್ರುಗಳನ್ನು ಓಡಿಸುತ್ತಾರೆ. ಕಾಶೀಬಾಯಿಯವರು ಆರಿಸಿಕೊಂಡದ್ದು ಮೂರನೆಯ ಬಾಗಿಲು: ದೇಶೀಯ ಸಂಸ್ಥಾನ.

ಈ ಆಯ್ಕೆಯು ಸಾಮಾನ್ಯವಾದದ್ದಲ್ಲ. ಬ್ರಿಟಿಷ್ ಮುಲ್ಕಿನ ಪುಣೆಯಲ್ಲಿ ಕುಳಿತವರಿಗೆ ಸಂಸ್ಥಾನವೆಂದರೆ ಹತ್ತಿರವೂ ಹೌದು, ಬೇರೆಯೂ ಹೌದು. ಸಾಂಗಲಿ, ಮಿರಜ, ಕೊಲ್ಹಾಪುರಗಳು ಬಹಳ ದೂರದಲ್ಲಿರಲಿಲ್ಲ. ಅಲ್ಲಿಯ ಕಾಯಿದೆ, ದರಬಾರು, ಶಾಲೆಗಳು ಒಬ್ಬ ಅರಸನ ಇಚ್ಛೆಯಿಂದ ಬದಲಾಗಬಹುದಾಗಿದ್ದವು. ಸ್ತ್ರೀಯು ರಾಜ್ಯವಾಳಿದ ನಿದರ್ಶನಗಳೂ ಇದ್ದವು. ಮಾಳವದ ಅಹಲ್ಯಾಬಾಯಿ ಹೋಳಕರರ ಸ್ಮೃತಿಯು ಮಹಾರಾಷ್ಟ್ರದಲ್ಲಿ ಹಸಿರಾಗಿತ್ತು. ನಮ್ಮ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರು ತೀರಿಕೊಂಡ ಮೇಲೆ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು 1895ರಿಂದ 1902ರವರೆಗೆ ರೀಜೆಂಟರಾಗಿ ರಾಜ್ಯವನ್ನು ನಡೆಸಿದರು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ಹರಿದ ವಿದ್ಯುಚ್ಛಕ್ತಿ, ಇವು ಆ ಆಡಳಿತದ ಕಾಲದ ಕಾರ್ಯಗಳು.

ಆದರೆ ಚರಿತ್ರೆಯ ರಾಣಿಗೂ ಕಾದಂಬರಿಯ ರಾಣಿಗೂ ಒಂದು ಮುಖ್ಯ ಅಂತರವಿದೆ. ಮೈಸೂರಿನ ಮಹಾರಾಣಿಯವರು ಮಗನ ಪರವಾಗಿ ಆಳಿದವರು. ಮಗನು ವಯಸ್ಸಿಗೆ ಬಂದೊಡನೆ ಅವರ ಅಧಿಕಾರದ ಅವಧಿ ಮುಗಿಯಿತು. ರೀಜೆಂಟಳ ಅಧಿಕಾರಕ್ಕೆ ಲೋಕವು ಸಮ್ಮತಿಸುತ್ತಿದ್ದುದೇ ಅದಕ್ಕೊಂದು ಕೊನೆಯ ದಿನ ಇರುತ್ತದೆಂಬ ಭರವಸೆಯ ಮೇಲೆ. ಕಾಶೀಬಾಯಿಯವರ ಕಾದಂಬರಿಯಲ್ಲಿ ಅಸಮರ್ಥನಾದವನು ಮಗನಲ್ಲ, ಗಂಡ. ಮಗನು ದೊಡ್ಡವನಾಗುತ್ತಾನೆ, ಇಂಥ ಗಂಡನು ಆಗುವುದಿಲ್ಲ. ಆದ್ದರಿಂದ ಈ ರಾಣಿಯ ಆಳ್ವಿಕೆಯನ್ನು 'ಸದ್ಯಕ್ಕೆ' ಎಂದು ಕರೆಯುವ ಹಾಗಿಲ್ಲ. ಚಂದ್ರಲೋಕಕ್ಕೆ ಹಾರದೆ, ಶತಮಾನಗಳನ್ನು ದಾಟದೆ, ಒಂದು ಮದುವೆಯ ಷರತ್ತನ್ನು ಮಾತ್ರ ಬದಲಿಸಿ ಅವರು ಅದುವರೆಗೆ ಇಲ್ಲದ ರಾಜ್ಯವನ್ನು ಕಟ್ಟಿದರು. ಯಾವ ವಿಚಿತ್ರ ಯಂತ್ರವೂ ಇಲ್ಲದಿದ್ದರೂ ಈ ಗ್ರಂಥವನ್ನು ಊಹಾಕಥನದ ಪಂಕ್ತಿಯಲ್ಲಿ ಕೂಡಿಸುವುದಕ್ಕೆ ಇದೇ ನ್ಯಾಯವಾದ ಆಧಾರವಾಗಿದೆ.

6

ಇನ್ನು ಬೆಲೆಯ ಪ್ರಶ್ನೆ. ಕಾಶೀಬಾಯಿಯವರ ಹೆಸರನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಗಂಡನ ಪ್ರೋತ್ಸಾಹ, ಮಿತ್ರರ ಪತ್ರಿಕೆ, ಸುಧಾರಕರ ಬಳಗ ಇವೆಲ್ಲ ಸೇರಿ ಅವರಿಗೆ ಸ್ವಂತ ಹೆಸರಿನಲ್ಲಿ ಬರೆಯುವಷ್ಟು ಎಡೆಯನ್ನು ಮಾಡಿಕೊಟ್ಟವು. ಮುಖವಾಡ ಬೇಕಾಗಲಿಲ್ಲ. ಬೇಕಾದದ್ದು ಕಾಲ. ಮೊದಲ ಕಾದಂಬರಿಯು ಪುಸ್ತಕವಾದ ಮೇಲೆ ಎರಡನೆಯದು ಪುಸ್ತಕವಾಗುವವರೆಗೆ 25 ವರ್ಷಗಳು ಸಂದವು. ಆ ಅವಧಿಯಲ್ಲಿ ಪತಿಯೂ ತೀರಿಕೊಂಡರು, ಆಪಟೆಯವರೂ ತೀರಿಕೊಂಡರು. ಸಮಾಜವೂ ನಿಂತಲ್ಲಿ ನಿಂತಿರಲಿಲ್ಲ. 1916ರಲ್ಲಿ ಮಹರ್ಷಿ ಕರ್ವೆಯವರು ಪುಣೆಯ ನೆರೆಯ ಹಿಂಗಣೆಯಲ್ಲಿ ಮಹಿಳಾ ವಿದ್ಯಾಪೀಠವನ್ನು ಆರಂಭಿಸಿದರು. 1921ರಲ್ಲಿ ಮುಂಬಯಿ ಪ್ರಾಂತದ ಸ್ತ್ರೀಯರಿಗೆ, ಆಸ್ತಿಯ ನಿರ್ಬಂಧದೊಡನೆಯಾದರೂ, ಮತದಾನದ ಹಕ್ಕು ಬಂತು.

ಸ್ತ್ರೀಯರ ಶಾಲೆಯನ್ನು ವರ್ಣಿಸುವ ಪುಟವು ಹುಜೂರಪಾಗೆಯ ಶಾಲೆ ಹುಟ್ಟಿದ ದಿನಗಳಲ್ಲಿ ಓದಿದವರಿಗೆ ಸಾಹಸವಾಗಿ ಕಂಡೀತು. 1928ರ ವಾಚಕರಿಗೆ ಅದರ ಅರ್ಧಭಾಗವು ಆಗಿಹೋದ ಸಂಗತಿಯಾಗಿಯೂ, ಸ್ತ್ರೀಯು ರಾಜ್ಯದ ಚುಕ್ಕಾಣಿ ಹಿಡಿಯುವ ಉಳಿದರ್ಧವು ಅಜ್ಜಿಯ ಕಥೆಯಾಗಿಯೂ ತೋರಿರಬೇಕು. ಊಹಾಕಥನಕ್ಕೆ ವಿಳಂಬದಂಥ ಶತ್ರು ಬೇರೊಂದಿಲ್ಲ. ಸಾಮಾಜಿಕ ಕಾದಂಬರಿಯು ತಡವಾಗಿ ಬಂದರೆ ಅದು ಇತಿಹಾಸವಾಗಿಯಾದರೂ ಓದಲ್ಪಡುತ್ತದೆ. ಊಹೆಯು ತಡವಾಗಿ ಬಂದರೆ ಊಹೆಯೆಂದೇ ತೋರುವುದಿಲ್ಲ.

ಎರಡನೆಯದಾಗಿ, ಸ್ವಂತ ಹೆಸರು ಇದ್ದದ್ದರಿಂದಲೇ ವಾಚಕರ ದೃಷ್ಟಿಯು ಗ್ರಂಥಕ್ಕಿಂತ ಹೆಚ್ಚಾಗಿ ವ್ಯಕ್ತಿಯ ಮೇಲೆ ನಿಂತಿತು. ಕಾಶೀಬಾಯಿಯವರೆಂದರೆ ಗೋವಿಂದರಾಯರ ಪತ್ನಿ, ಆಪಟೆಯವರ ಸ್ನೇಹಿತೆ, ಆನಂದೀಬಾಯಿಯವರ ಚರಿತ್ರಕರ್ತ್ರಿ, ಮೊದಲ ಲೇಖಕಿ. ಈ ಬಿರುದುಗಳೆಲ್ಲ ನಿಜವಾದವು, ಗೌರವದವು. ಆದರೆ ಇವುಗಳ ನಡುವೆ ರಾಜ್ಯಶಾಸ್ತ್ರವನ್ನು ಕುರಿತು ಯೋಚಿಸಿದ ಒಂದು ಮನಸ್ಸು ಹಿಂದೆ ಬಿದ್ದಿತು. ಆ ಕಾದಂಬರಿಯು ಒಂದು ಆದರ್ಶ ರಾಜ್ಯದ ಕಲ್ಪನೆಯೆಂಬುದನ್ನು ಎತ್ತಿ ಹಿಡಿದು ವಿಸ್ತಾರವಾಗಿ ಚರ್ಚಿಸಿದವರು ಸಮಾಜಶಾಸ್ತ್ರಜ್ಞೆ ಮೀರಾ ಕೊಸಂಬಿಯವರು. 2008ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿಯೇ, ಇದು ಸ್ತ್ರೀವಾದದ ದರ್ಶನವೋ ಪುರುಷದ್ರೋಹವೋ ಎಂಬ ಪ್ರಶ್ನೆಯನ್ನು ಇಟ್ಟಿದ್ದಾರೆ. ಪುಸ್ತಕ ಬಂದು 80 ವರ್ಷಗಳಾದ ಮೇಲಿನ ಮಾತಿದು. 'ಸ್ವಸ್ತಿಕಾ ನೈಟ್' ಗ್ರಂಥದ ನಿಜವಾದ ಕರ್ತ್ರಿಯು ತಿಳಿದುಬರಲು ಸುಮಾರು ಅರ್ಧ ಶತಮಾನ ಸಾಕಾಯಿತು. ಹೆಸರಿದ್ದ ಲೇಖಕಿಯ ಗ್ರಂಥವು ಹೆಸರಿಲ್ಲದ ಲೇಖಕಿಗಿಂತಲೂ ಹೆಚ್ಚು ಕಾಲ ಕತ್ತಲೆಯಲ್ಲಿ ಉಳಿಯಿತೆಂದಾಯಿತು.

ಆದುದರಿಂದ ನಮ್ಮ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಪುರುಷನಾಮವನ್ನು ತಳೆದವರಲ್ಲಿ ಗ್ರಂಥವು ಉಳಿದು ಕರ್ತ್ರಿ ಮರೆಯಾದಳು. ಸ್ವನಾಮವನ್ನು ಬಿಡದವರಲ್ಲಿ ಕರ್ತ್ರಿ ಉಳಿದು ಗ್ರಂಥವು ಮರೆಯಾಯಿತು. ಗುಪ್ತನಾಮದ ಲೇಖಕಿಯನ್ನು ಕಂಡುಹಿಡಿಯುವುದು ಶೋಧನೆಯ ವಿಷಯವೆಂದು ಎಲ್ಲರೂ ಒಪ್ಪುತ್ತಾರೆ. ಹೆಸರು ಗೊತ್ತಿರುವ ಲೇಖಕಿಯ ಗ್ರಂಥವನ್ನು ಕಂಡುಹಿಡಿಯುವುದೂ ಅಷ್ಟೇ ದೊಡ್ಡ ಶೋಧನೆಯೆಂಬುದನ್ನು ಒಪ್ಪುವವರು ಕಡಿಮೆ.

7

ಕನ್ನಡಕ್ಕೆ ಈ ವಿಚಾರದಿಂದ ಏನು ಲಾಭ? ನಮ್ಮಲ್ಲಿ ಹೆಸರಿನ ಪ್ರಶ್ನೆಯು ಹಳೆಯದು. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ವಚನಗಳ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಮಾರಯ್ಯನು ಆಕೆಯ ಗಂಡ. ಅಂಕಿತದಲ್ಲಿ ಗಂಡನ ಹೆಸರಿದ್ದ ಮಾತ್ರಕ್ಕೆ ಆಕೆ ಅವನ ಹಿಂದೆ ಅಡಗಿದಳೇ? ಇಲ್ಲ. ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಅದೇ ಮಾರಯ್ಯನಿಗೆ ಆಸೆಯ ದೋಷವನ್ನು ತೋರಿಸಿ ತಿದ್ದಿದವಳು ಆಕೆಯೇ. ಅಲ್ಲಿ ಪುರುಷನಾಮವು ಪರದೆಯಲ್ಲ, ಜೊತೆ. ಯಾರ ಮಾತೆಂಬುದು ಕೇಳುವವರೆಲ್ಲರಿಗೂ ಗೊತ್ತಿತ್ತು.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಸ್ಥಿತಿಯು ಬದಲಾಗುತ್ತದೆ. ಕೊಡಗಿನ ಗೌರಮ್ಮನವರು (1912–1939) ಮೊದಲು ಬರೆಯುತ್ತಿದ್ದುದು 'ಮಿಸೆಸ್ ಬಿ. ಟಿ. ಜಿ. ಕೃಷ್ಣ' ಎಂಬ ಹೆಸರಿನಿಂದ. ರುಕೈಯಾ ಅವರ ಕಥೆಯ ಮೇಲೂ 'ಮಿಸೆಸ್ ಆರ್. ಎಸ್. ಹುಸೇನ್' ಎಂದೇ ಇತ್ತು. ಇದು ಸುಳ್ಳು ಹೆಸರಲ್ಲ, ಪೂರ್ಣ ಹೆಸರೂ ಅಲ್ಲ. ಲೇಖಕಿ ಇದ್ದಾಳೆಂದು ತಿಳಿಯುತ್ತದೆ, ಯಾರೆಂದು ತಿಳಿಯುವುದಿಲ್ಲ. ಇದಕ್ಕೆ ವಿರುದ್ಧವಾಗಿ ನಂಜನಗೂಡು ತಿರುಮಲಾಂಬ ಅವರು (1887–1982) ಬಾಲವಿಧವೆಯಾಗಿದ್ದರೂ ಸ್ವಂತ ಹೆಸರಿನಲ್ಲಿ ಕಾದಂಬರಿಗಳನ್ನು ಬರೆದು, ಗ್ರಂಥಮಾಲೆಯನ್ನು ನಡೆಸಿ, 1917ರಲ್ಲಿ 'ಕರ್ನಾಟಕ ನಂದಿನಿ' ಪತ್ರಿಕೆಯನ್ನು ಹೊರಡಿಸಿದರು. ಆ ಬಳಿಕ ದಶಕಗಳ ಕಾಲ ಕನ್ನಡವು ಅವರನ್ನು ಮರೆತೇ ಇತ್ತು. ಕಾಶೀಬಾಯಿಯವರಿಗೆ ಆದದ್ದೂ ಇದೇ ಜಾತಿಯ ಅನ್ಯಾಯ.

ಆದುದರಿಂದ ನಮ್ಮ ಹಳೆಯ ಮಾಸಪತ್ರಿಕೆಗಳ ಸಂಪುಟಗಳನ್ನು ಶೋಧಿಸುವವರು ಎರಡು ಬಗೆಯ ಎಚ್ಚರವನ್ನು ವಹಿಸುವುದು ಅವಶ್ಯ. ಮೊದಲಕ್ಷರಗಳಲ್ಲಿ ಮುಗಿಯುವ ಹೆಸರುಗಳನ್ನೂ 'ಶ್ರೀಮತಿ' ಎಂಬುದರ ಮುಂದೆ ಗಂಡನ ಹೆಸರಿರುವ ಲೇಖನಗಳನ್ನೂ ಬೇರೆಯಾಗಿ ಪಟ್ಟಿ ಮಾಡಿ ಕರ್ತ್ರಿಯರನ್ನು ಗುರುತಿಸುವುದು ಒಂದು. ಹೆಸರು ಗೊತ್ತಿದ್ದೂ 'ಮೊದಲ ಲೇಖಕಿ' ಎಂಬ ಒಂದು ವಾಕ್ಯದ ಗೌರವದಿಂದಲೇ ನಾವು ಮುಗಿಸಿಬಿಟ್ಟವರ ಗ್ರಂಥಗಳನ್ನು ತೆರೆದು, ಅವರು ಊಹಿಸಿದ್ದೇನು ಎಂದು ಕೇಳುವುದು ಎರಡನೆಯದು. ಎರಡನೆಯ ಕೆಲಸವೇ ಹೆಚ್ಚು ಕಠಿಣ; ಏಕೆಂದರೆ ಅಲ್ಲಿ ಹುಡುಕಬೇಕಾದದ್ದು ಕಣ್ಣೆದುರಿಗೇ ಇದೆ.

ಪುಣೆಯ ಕನ್ನಡಿಗರಿಗೆ ಇದರಲ್ಲಿ ವಿಶೇಷ ಹೊಣೆ ಇದೆ. ಎರಡು ಭಾಷೆಗಳನ್ನೂ ಬಲ್ಲವರು ನಾವು. ಆಪಟೆಯವರ ರಾಜರನ್ನೂ ಸರದಾರರನ್ನೂ ಗಳಗನಾಥರು ಕೃಷ್ಣೆಯನ್ನು ದಾಟಿಸಿ ಕರೆತಂದರು. ಅದೇ ಬಳಗದಲ್ಲಿ ಕುಳಿತು ಬರೆದ ಕಾಶೀಬಾಯಿಯವರ ರಾಣಿಯನ್ನೂ ಅಷ್ಟೇ ಆದರದಿಂದ ಕರೆತಂದರೆ, ಪಲ್ಲಕ್ಕಿಯ ಗೊಂಡೆಯು ಬರಿಯ ಅಲಂಕಾರವಲ್ಲವೆಂಬುದು ಕನ್ನಡ ವಾಚಕರಿಗೆ ಮನವರಿಕೆಯಾಗುವುದು.